ಪೀಸು ಅಚ್ಚು ಬಿಟ್ಟು ಬರಬೇಕಾದರೆ

ಫೈಬರ್ ಕೆಲಸ (ಅಚ್ಚಿನಲ್ಲಿ ನಾರು ಮತ್ತು ರೆಸಿನ್ ಹಾಸಿ ಪೀಸು, ಅಂದರೆ ವಸ್ತು, ತೆಗೆಯುವುದು) ಮಾಡುವ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯನ್ನು ಹೇಳುತ್ತವೆ: ಪೀಸು ಅಚ್ಚಿಗೆ ಕಚ್ಚಿಕೊಳ್ಳುತ್ತದೆ, ಇಲ್ಲವೇ ಬಿಟ್ಟು ಬಂದರೂ ಅದರ ಮೈ ಕೆಟ್ಟಿರುತ್ತದೆ. ಈ ಸಂಚಿಕೆಯ ಪ್ರಶ್ನೋತ್ತರವನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇವೆ.

ಪ್ರಶ್ನೆ: ಎರಡು ಅಡಿ ಎತ್ತರದ ಹೂಕುಂಡಕ್ಕೆ ಹೊಸ ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಅಚ್ಚು ಮಾಡಿದೆವು. ಪ್ಯಾಟರ್ನ್‌ನಿಂದ (ಅಚ್ಚು ತೆಗೆಯುವ ಮೂಲ ಮಾದರಿಯಿಂದ) ಅಚ್ಚು ಬಿಡಿಸಿದ ಮರುದಿನ ಬೆಳಿಗ್ಗೆ ಮೂರು ಕೈ ವ್ಯಾಕ್ಸ್ ಹಚ್ಚಿ, ಮಧ್ಯಾಹ್ನವೇ ಜೆಲ್‌ಕೋಟ್ (ಪೀಸಿನ ಹೊರಮೈಯಾಗುವ ರೆಸಿನ್ ಪದರ) ಹೊಡೆದೆವು. ಮೊದಲ ಪೀಸು ತೆಗೆಯುವಾಗ ಅಚ್ಚಿನ ಜೆಲ್‌ಕೋಟೇ ಅಂಗೈಯಗಲದ ಚೂರುಗಳಾಗಿ ಕಿತ್ತು ಬಂತು. ವ್ಯಾಕ್ಸ್ ಕಳಪೆಯದೇ? — ಶಿವಮೊಗ್ಗದ ಓದುಗರು

ಉತ್ತರ: ವ್ಯಾಕ್ಸಿನ ಮೇಲೆ ತಪ್ಪು ಹೊರಿಸಬೇಡಿ. ನಿಮ್ಮ ಅಚ್ಚು ಇನ್ನೂ ಹಸಿಯಾಗಿತ್ತು. ಪಾಲಿಯೆಸ್ಟರ್ ರೆಸಿನ್ ಕೈಗೆ ಗಟ್ಟಿಯೆನಿಸಲು ಕೆಲವು ಗಂಟೆ ಸಾಕು. ಆದರೆ ರೆಸಿನ್ನನ್ನು ತೆಳುವಾಗಿಸುವ ಒಳಗಿನ ಸ್ಟೈರೀನ್ ದ್ರವ ಪೂರ್ತಿ ಕೂಡಿಕೊಂಡು ಮುಗಿಯಲು ದಿನಗಳೇ ಬೇಕು. ಅಂಥ ಹಸಿ ಮೈಯ ಮೇಲೆ ಹೊಸ ಜೆಲ್‌ಕೋಟ್ ಬಿದ್ದರೆ ಅದರ ಸ್ಟೈರೀನ್ ವ್ಯಾಕ್ಸಿನ ತೆಳು ಪದರ ದಾಟಿ ಅಚ್ಚಿನೊಳಕ್ಕೆ ಇಳಿಯುತ್ತದೆ. ಎರಡೂ ಒಂದೇ ಜಾತಿಯ ರೆಸಿನ್ ಆದ್ದರಿಂದ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಆಮೇಲೆ ಎಷ್ಟು ಒಳ್ಳೆಯ ವ್ಯಾಕ್ಸ್ ಇದ್ದರೂ ಅಷ್ಟೇ.

ಹೊಸ ಅಚ್ಚನ್ನು ಪ್ಯಾಟರ್ನ್‌ನ ಮೇಲೆಯೇ ನಾಲ್ಕೈದು ದಿನ, ಸಾಧ್ಯವಾದರೆ ಒಂದು ವಾರ ಬಿಡಿ. ನಂತರ ಬಿಸಿ ಕೊಡಿ: ಟಾರ್ಪಾಲಿನ್ ಕಟ್ಟಿ ಒಳಗೆ ಬಿಸಿಗಾಳಿ ಹಾಯಿಸಿ 50ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ 6ರಿಂದ 8 ಗಂಟೆ. ಈ ಹೊತ್ತಿನಲ್ಲಿ ಅಚ್ಚು ಪ್ಯಾಟರ್ನ್‌ನ ಮೇಲಿರಬೇಕು ಅಥವಾ ಹಿಂಬದಿಯ ಫ್ರೇಮ್ ಕೂಡಿಸಿರಬೇಕು. ಬರಿದೇ ಇಟ್ಟು ಕಾಯಿಸಿದರೆ ಸೊಟ್ಟಗಾಗುತ್ತದೆ. ಬಿಸಿಯನ್ನು ನಿಧಾನ ಏರಿಸಿ, ನಿಧಾನ ಇಳಿಸಿ. ಹದವಾಗಿದೆಯೇ ಎಂದು ತಿಳಿಯಲು ಕಣ್ಣಿಗೆ ಬೀಳದ ಅಂಚಿನಲ್ಲಿ ಅಸಿಟೋನ್ ಅದ್ದಿದ ಬಟ್ಟೆಯಿಂದ ಕೆಲವು ಸಲ ಉಜ್ಜಿ ನೋಡಿ. ಮೈ ಅಂಟಂಟಾದರೆ ಇನ್ನೂ ಕಾಯಬೇಕು. ಬಾರ್ಕಾಲ್ ಗಡಸುಮಾಪಕ ಇದ್ದವರು 35ಕ್ಕಿಂತ ಮೇಲೆ ಓದು ಬರುವ ತನಕ ಅಚ್ಚನ್ನು ಕೆಲಸಕ್ಕೆ ಇಳಿಸದಿರುವುದು ಒಳ್ಳೆಯದು.

ಆಮೇಲೆ ಮೈ ತೀಡುವ ಕೆಲಸ. ವಾಟರ್ ಪೇಪರ್ 600, 800, 1000, 1200, ಕೊನೆಗೆ 1500. ಒಂದೊಂದು ನಂಬರಿಗೂ ಉಜ್ಜುವ ದಿಕ್ಕು ಬದಲಿಸಿ. ಹಿಂದಿನ ಪೇಪರಿನ ಗೆರೆಗಳು ಪೂರ್ತಿ ಅಳಿದದ್ದು ಆಗಲೇ ಕಾಣುವುದು. ಪೇಪರ್ ಬದಲಿಸಿದಾಗಲೆಲ್ಲ ಬಕೆಟ್ ನೀರನ್ನೂ ಬದಲಿಸಿ. 600ರ ಒಂದು ಕಣ 1200ರ ಕೆಳಗೆ ಸಿಕ್ಕಿದರೆ ಬೀಳುವ ಗೀರು ಪ್ರತಿ ಪೀಸಿನಲ್ಲೂ ಅಚ್ಚಾಗುತ್ತದೆ. ನಂತರ ರಬ್ಬಿಂಗ್ ಕಾಂಪೌಂಡ್, ಅದಾದ ಮೇಲೆ ನಯವಾದ ಪಾಲಿಶಿಂಗ್ ಕಾಂಪೌಂಡ್. ಬಫಿಂಗ್ ಮಿಷನ್ ನಿಮಿಷಕ್ಕೆ 1500ರಿಂದ 2000 ಸುತ್ತಿನೊಳಗಿರಲಿ, ಒಂದೇ ಕಡೆ ನಿಲ್ಲಿಸಬೇಡಿ. ಅಂಗೈ ಇಡಲಾಗದಷ್ಟು ಬಿಸಿಯಾದರೆ ಜೆಲ್‌ಕೋಟ್ ಸುಡುತ್ತಿದೆ ಎಂದರ್ಥ. ಕಾಂಪೌಂಡಿನ ಡಬ್ಬಿಯ ಮೇಲೆ ಸಿಲಿಕೋನ್ ಇಲ್ಲವೆಂದು ಬರೆದಿರುವುದನ್ನೇ ಕೊಳ್ಳಿ.

ಸಾಬೂನು ನೀರಿನಲ್ಲಿ ತೊಳೆದು ಒಣಗಿಸಿ, ಅಚ್ಚು ಕ್ಲೀನರಿನಿಂದ ಎರಡು ಬಟ್ಟೆಯ ಪದ್ಧತಿಯಲ್ಲಿ ಒರೆಸಿ: ಒಂದರಿಂದ ಹಚ್ಚುವುದು, ಅದು ಆರುವ ಮೊದಲೇ ಇನ್ನೊಂದರಿಂದ ಎತ್ತುವುದು. ಒಂದೇ ಬಟ್ಟೆಯಾದರೆ ಕೊಳೆ ಜಾಗ ಬದಲಿಸುತ್ತದೆಯೇ ಹೊರತು ಹೋಗುವುದಿಲ್ಲ. ಮೈ ಶುದ್ಧವಾಗಿದ್ದರೆ ಮೇಲೆ ಹಾಯಿಸಿದ ನೀರು ಒಡೆಯದೆ ಹಾಳೆಯಂತೆ ನಿಲ್ಲುತ್ತದೆ. ಎಲ್ಲಿ ಹನಿಯಾಗಿ ಒಡೆಯುತ್ತದೋ ಅಲ್ಲಿ ಜಿಡ್ಡು ಉಳಿದಿದೆ.

ಈಗ ವ್ಯಾಕ್ಸ್. ಕಾರ್ನೌಬಾ (ಒಂದು ತಾಳೆ ಜಾತಿಯ ಎಲೆಯ ಮೇಣ) ಸೇರಿದ ಗಟ್ಟಿ ಪೇಸ್ಟ್ ವ್ಯಾಕ್ಸನ್ನು ಸುಮಾರು ಎರಡು ಅಡಿ ಚದರದಷ್ಟು ಜಾಗಕ್ಕೆ ಮಾತ್ರ ಒಮ್ಮೆಗೆ ತೆಗೆದುಕೊಂಡು, ಸುತ್ತು ಸುತ್ತಾಗಿ ತೆಳ್ಳಗೆ ಹಚ್ಚಿ. 5ರಿಂದ 10 ನಿಮಿಷದಲ್ಲಿ ಮಂಜು ಕವಿದಂತಾಗುತ್ತದೆ. ಆಗ ಹೊಸ ಬನಿಯನ್ ಬಟ್ಟೆಯಿಂದ ಒರೆಸಿ, ಇನ್ನೊಂದು ಬಟ್ಟೆಯಿಂದ ಹೊಳಪು ಬರುವಂತೆ ತಿಕ್ಕಿ. ದಾರ ಉದುರುವ ಕಾಟನ್ ವೇಸ್ಟ್ ಬೇಡ. ನೀವು ಮೂರು ಕೈಯನ್ನೂ ಒಂದರ ಹಿಂದೊಂದು ಹಚ್ಚಿದ್ದೀರಿ. ಅಲ್ಲಿ ಇನ್ನೊಂದು ಎಡವಟ್ಟಾಗಿದೆ. ಪೇಸ್ಟಿನೊಳಗೆ ದ್ರಾವಕ ಇರುತ್ತದೆ. ಮೊದಲ ಕೈಯ ದ್ರಾವಕ ಹಾರಿ ವ್ಯಾಕ್ಸ್ ಗಟ್ಟಿಯಾಗುವ ಮೊದಲೇ ಎರಡನೆಯದನ್ನು ಹಚ್ಚಿದರೆ ಅದು ಮೊದಲನೆಯದನ್ನು ಕರಗಿಸಿ ಎತ್ತಿಕೊಂಡು ಬರುತ್ತದೆ. ಹೀಗೆ ಹಚ್ಚಿದ ಮೂರು ಕೈ ಲೆಕ್ಕಕ್ಕೆ ಒಂದೇ ಕೈ. ಹೊಸ ಅಚ್ಚಿಗೆ ಆರು ಕೈ ಬೇಕು, ನಡುವೆ ಒಂದೊಂದು ಗಂಟೆ ಬಿಡಬೇಕು, ಕೊನೆಯ ಕೈಯ ಮೇಲೆ ಒಂದು ರಾತ್ರಿ ಕಳೆಯಬೇಕು. ಮೊದಲ ಮೂರು ಪೀಸುಗಳಿಗೆ ವ್ಯಾಕ್ಸಿನ ಮೇಲೆ ಪಿವಿಎಯನ್ನೂ (ಒಣಗಿ ತೆಳು ಹಾಳೆಯಾಗುವ, ನೀರಿಗೆ ಕರಗುವ ಪಾಲಿವಿನೈಲ್ ಆಲ್ಕೋಹಾಲ್ ದ್ರವ) ಹೊಡೆಯಿರಿ. ಮೊದಲ ನಾಲ್ಕೈದು ಪೀಸಿನ ತನಕ ಪ್ರತಿ ಸಲವೂ ಒಂದು ಕೈ ವ್ಯಾಕ್ಸ್, ಅಚ್ಚು ಪಳಗಿದ ಮೇಲೆ ಮೂರು ನಾಲ್ಕು ಪೀಸಿಗೊಮ್ಮೆ ಸಾಕಾಗುತ್ತದೆ.

ಒಂದು ಅಳತೆಯನ್ನೂ ನೋಡಿಕೊಳ್ಳಿ. ಒಂದೇ ತುಂಡಿನ ಅಚ್ಚಿನಲ್ಲಿ ಗೋಡೆ ನೆಟ್ಟಗಿದ್ದರೆ ವ್ಯಾಕ್ಸ್ ಏನೂ ಮಾಡಲಾರದು. ಪ್ರತಿ ಬದಿಗೂ ಕನಿಷ್ಠ 2 ಡಿಗ್ರಿ ಓರೆ ಬೇಕು. 600 ಮಿ.ಮೀ. ಎತ್ತರಕ್ಕೆ ಅದು ಬದಿಗೆ 21 ಮಿ.ಮೀ. ಆಗುತ್ತದೆ, ಅಂದರೆ ಕುಂಡದ ಬಾಯಿ ತಳಕ್ಕಿಂತ 42 ಮಿ.ಮೀ. ಅಗಲವಿರಬೇಕು.

ಪ್ರಶ್ನೆ: ಮಳೆಗಾಲದಲ್ಲಿ ಪಿವಿಎ ಹೊಡೆದರೆ ಹನಿಹನಿಯಾಗಿ ಕೂಡಿಕೊಳ್ಳುತ್ತದೆ. ಸರಿಯಾಗಿ ಹರಡಿಕೊಂಡ ದಿನವೂ ಜೆಲ್‌ಕೋಟ್ ಅಲ್ಲಲ್ಲಿ ಸುಕ್ಕುಗಟ್ಟುತ್ತದೆ. ಬೇಸಿಗೆಯಲ್ಲಿ ಈ ಕಾಟ ಇಲ್ಲ. — ಮಂಗಳೂರಿನ ಓದುಗರು

ಉತ್ತರ: ಇಲ್ಲಿ ಎರಡು ಬೇರೆ ತೊಂದರೆಗಳಿವೆ. ಹನಿಗಟ್ಟುವುದಕ್ಕೆ ಮಳೆಗಿಂತ ವ್ಯಾಕ್ಸ್ ಹೆಚ್ಚು ಕಾರಣ. ಆಗತಾನೇ ತಿಕ್ಕಿದ ವ್ಯಾಕ್ಸಿನ ಮೇಲೆ, ಅದರಲ್ಲೂ ಸಿಲಿಕೋನ್ ಇರುವ ವ್ಯಾಕ್ಸಿನ ಮೇಲೆ, ಪಿವಿಎ ಕೆಸುವಿನೆಲೆಯ ಮೇಲಿನ ನೀರಿನಂತೆ ಓಡುತ್ತದೆ. ವ್ಯಾಕ್ಸ್ ಹಚ್ಚಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಒಣಬಟ್ಟೆಯಿಂದ ಮತ್ತೊಮ್ಮೆ ತಿಕ್ಕಿ. ನಂತರ ಗನ್ನಿನಲ್ಲಿ ಪಿವಿಎಯನ್ನು ಮೊದಲು ಇಬ್ಬನಿಯಷ್ಟು ಮಾತ್ರ ಹೊಡೆದು ಐದಾರು ನಿಮಿಷ ಆರಲು ಬಿಡಿ. ಮತ್ತೊಮ್ಮೆ ಹಾಗೆಯೇ. ಈ ಎರಡು ಒಣ ಕೈಗಳು ಹಿಡಿತ ಕೊಡುತ್ತವೆ, ಮೂರನೆಯ ಕೈಯನ್ನು ಒದ್ದೆಯಾಗಿ, ಮೈಯೆಲ್ಲ ಒಂದೇ ಹಾಳೆಯಾಗುವಂತೆ ಹೊಡೆಯಬಹುದು. ನಾಝಲ್ 1.4ರಿಂದ 1.8 ಮಿ.ಮೀ., ಗಾಳಿಯ ಒತ್ತಡ 3ರಿಂದ 4 ಬಾರ್. ಒಟ್ಟು ಒದ್ದೆ ಪದರ 0.1 ಮಿ.ಮೀ. ಇರಲಿ, ಆ ಲೆಕ್ಕಕ್ಕೆ 1 ಲೀಟರ್ 10 ಚದರ ಮೀಟರಿಗೆ ಬರುತ್ತದೆ, ಗಾಳಿಯಲ್ಲಿ ಹಾರಿಹೋಗುವುದು ಬೇರೆ. ಸ್ಪಾಂಜಿನಿಂದಲೂ ಹಚ್ಚಬಹುದು, ಗೆರೆ ಬೀಳುವುದನ್ನು ಒಪ್ಪಿಕೊಳ್ಳಬೇಕು.

ಸುಕ್ಕಿಗೆ ಮಾತ್ರ ಹವೆಯೇ ಕಾರಣ. ಪಿವಿಎಯಲ್ಲಿ ಆಲ್ಕೋಹಾಲೂ ನೀರೂ ಇರುತ್ತವೆ. ತೇವದ ಹವೆಯಲ್ಲಿ ಆಲ್ಕೋಹಾಲ್ ಹಾರಿಹೋಗಿ ನೀರು ಉಳಿದುಬಿಡುತ್ತದೆ. ಮೇಲೆ ಒಣಗಿದ ಹಾಗೆ ಹೊಳೆಯುತ್ತದೆ, ಒಳಗೆ ಹಸಿ. ನೀರು ಪಾಲಿಯೆಸ್ಟರ್ ಕ್ಯೂರ್ ಆಗುವುದನ್ನು, ಅಂದರೆ ಪೂರ್ತಿ ಗಟ್ಟಿಯಾಗುವುದನ್ನು, ತಡೆಯುತ್ತದೆ. ಹಾಗೆ ಅರೆಬರೆ ಬೆಂದ ಜೆಲ್‌ಕೋಟಿನ ಮೇಲೆ ಗಾಜಿನ ನಾರಿನ ಮ್ಯಾಟ್ ಮತ್ತು ರೆಸಿನ್ ಕೂತರೆ ರೆಸಿನ್ನಿನ ಸ್ಟೈರೀನ್ ಅದನ್ನು ಉಬ್ಬಿಸಿ ಸುಕ್ಕು ಮಾಡುತ್ತದೆ. ಅಚ್ಚನ್ನು ಮುಚ್ಚಿದ ಕೋಣೆಗೆ ತಂದು ಏಸಿಯನ್ನೋ ತೇವ ಹೀರುವ ಯಂತ್ರವನ್ನೋ ಓಡಿಸಿ. 40 ಡಿಗ್ರಿಯ ಆಸುಪಾಸಿನ ಬಿಸಿಗಾಳಿಯನ್ನು ದೂರದಿಂದ ಹಾಯಿಸಿ. ಬೇಸಿಗೆಯಲ್ಲಿ ಅರ್ಧ ಗಂಟೆಗೆ ಒಣಗುವ ಪದರಕ್ಕೆ ಆಷಾಢದಲ್ಲಿ ಎರಡು ಮೂರು ಗಂಟೆ ಕೊಡಬೇಕಾದೀತು.

ಬೆಳಗಿನ ಹೊತ್ತು ಇನ್ನೊಂದು ಅಪಾಯವಿದೆ. ಹವೆ 28 ಡಿಗ್ರಿ, ತೇವಾಂಶ ಶೇ. 85 ಇದ್ದರೆ ಇಬ್ಬನಿ ಕಟ್ಟುವ ಮಟ್ಟ ಸುಮಾರು 25 ಡಿಗ್ರಿ. ರಾತ್ರಿ ತಣ್ಣಗಾದ ಅಚ್ಚು 24 ಡಿಗ್ರಿಯಲ್ಲಿದ್ದರೆ ಕಣ್ಣಿಗೆ ಕಾಣದಷ್ಟು ನೀರು ಅದರ ಮೇಲೆ ಕೂತೇ ಇರುತ್ತದೆ. ಅಚ್ಚಿನ ಮೈ ಆ ಮಟ್ಟಕ್ಕಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿದ್ದಾಗಲೇ ಗನ್ ಎತ್ತಿ. ಪಿವಿಎ ಹೊಡೆದ ಅಚ್ಚಿನ ಮೇಲೆ ಬಗ್ಗಿ ಕೆಲಸ ಮಾಡುವವರು ಹಣೆಗೆ ಬಟ್ಟೆ ಕಟ್ಟಿಕೊಳ್ಳಲಿ. ಒಂದು ಹನಿ ಬೆವರು ಬಿದ್ದರೆ ಅಲ್ಲಿ ಪಿವಿಎ ಕರಗಿ ತೂತಾಗುತ್ತದೆ, ಪೀಸು ಕಚ್ಚುವುದೂ ಅಲ್ಲೇ.

ಪ್ರಶ್ನೆ: ಮೂರ್ತಿಗಳ ಫೈಬರ್ ಅಚ್ಚು ತೆಗೆಯುತ್ತೇನೆ. ಪ್ಯಾಟರ್ನ್ ಕೆಲವು ಸಲ ಪಿಒಪಿ, ಕೆಲವು ಸಲ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), ದೊಡ್ಡದಾದರೆ ಥರ್ಮೊಕೋಲ್. ವ್ಯಾಕ್ಸ್ ಎಷ್ಟು ಹಚ್ಚಿದರೂ ಹೀರಿಕೊಳ್ಳುತ್ತದೆ. — ಮೈಸೂರಿನ ಓದುಗರು

ಉತ್ತರ: ರಂಧ್ರ ಇರುವ ಮೈಗೆ ವ್ಯಾಕ್ಸ್ ಮುಚ್ಚಳವಾಗುವುದಿಲ್ಲ. ಮೊದಲು ರಂಧ್ರ ಮುಚ್ಚಬೇಕು, ಆಮೇಲೆ ವ್ಯಾಕ್ಸ್.

ಪಿಒಪಿಯಲ್ಲಿ ಮೊದಲ ಶತ್ರು ಒಳಗಿನ ನೀರು. ಒಣಗಿದೆಯೇ ಎಂಬುದನ್ನು ಮುಟ್ಟಿ ನೋಡಿ ತೀರ್ಮಾನಿಸಬೇಡಿ. ದಿನಕ್ಕೊಮ್ಮೆ ತೂಕ ಮಾಡಿ, ತೂಕ ಇಳಿಯುವುದು ನಿಂತ ಮೇಲೆ ಮುಂದುವರಿಯಿರಿ. ಬೇಗ ಒಣಗಲೆಂದು 45 ಡಿಗ್ರಿಗಿಂತ ಹೆಚ್ಚು ಕಾಯಿಸಿದರೆ ಮೇಲ್ಮೈ ಹಿಟ್ಟಾಗಲು ತೊಡಗುತ್ತದೆ. ಒಣಗಿದ ಮೇಲೆ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿದ ಫ್ರೆಂಚ್ ಪಾಲಿಶನ್ನು ತೆಳ್ಳಗೆ ಎರಡು ಮೂರು ಕೈ ಕೊಡಿ. ಮೊದಲ ಕೈ ಪೂರ್ತಿ ಒಳಕ್ಕೆ ಹೋಗುತ್ತದೆ, ಮೂರನೆಯದು ಮೇಲೆ ನಿಂತು ಹೊಳೆಯಬೇಕು. ಎಂಡಿಎಫ್‌ಗೆ ಎರಡು ಘಟಕದ ಪಿಯು (ಪಾಲಿಯುರೆಥೇನ್) ಪ್ರೈಮರ್ ಒಳ್ಳೆಯದು. ಕತ್ತರಿಸಿದ ಅಂಚುಗಳು ಚಪ್ಪಟೆ ಮೈಗಿಂತ ಹಲವು ಪಟ್ಟು ಕುಡಿಯುವುದರಿಂದ ಅಲ್ಲಿ ಎರಡು ಕೈ ಹೆಚ್ಚಿಗೆ ಬೇಕು. ಬಡಗಿಗಳು ಬಳಸುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಸ್ಯಾಂಡಿಂಗ್ ಸೀಲರನ್ನು ಸ್ಟೈರೀನ್ ಕರಗಿಸುತ್ತದೆ, ಅಂಗಡಿಯ ಸ್ಪ್ರೇ ಡಬ್ಬಿಯ ಬಣ್ಣವನ್ನೂ ಕರಗಿಸುತ್ತದೆ. ಅವು ಮೊದಲೇ ಇದ್ದರೆ ಪಿವಿಎಯ ಪದರದಲ್ಲಿ ಒಂದು ಸೂಜಿಮೊನೆಯಷ್ಟೂ ಬಿರುಕಿರಬಾರದು. ಬಣ್ಣ ಪೂರ್ತಿ ಗಟ್ಟಿಯಾಗಲು ಎರಡು ದಿನ ಬಿಟ್ಟು, ನಾಲ್ಕು ಕೈ ವ್ಯಾಕ್ಸ್, ಅದರ ಮೇಲೆ ಪಿವಿಎ.

ಮೂರ್ತಿಯ ಒಡವೆ, ಕಿರೀಟದ ಕೆತ್ತನೆಯ ಸಂದಿಗಳಲ್ಲಿ ಪಿವಿಎ ಕೊಳದಂತೆ ನಿಲ್ಲುತ್ತದೆ. ಒಣಬ್ರಷ್ಷಿನಿಂದ ಆಗಲೇ ಎತ್ತಿಬಿಡಿ, ಇಲ್ಲವಾದರೆ ಕೆತ್ತನೆಯ ಅಂಚು ಮೊಂಡಾಗುತ್ತದೆ. ಕಿವಿಯ ಹಿಂದೆ, ತೋಳಿನ ಕೆಳಗೆ ಅಚ್ಚು ಸಿಕ್ಕಿಬೀಳುವ ಒಳಗಂಟುಗಳಿದ್ದರೆ ಅಚ್ಚನ್ನು ತುಂಡುಗಳಾಗಿಯೇ ಮಾಡಬೇಕು. ಅಥವಾ ಆ ಭಾಗಕ್ಕೆ ಸಿಲಿಕೋನ್ ರಬ್ಬರ್ ಹಾಕಿ. ಪಾಲಿಯೆಸ್ಟರ್ ಅದಕ್ಕೆ ಅಂಟುವುದಿಲ್ಲ. ಆದರೆ ಸ್ಟೈರೀನ್ ಕುಡಿದು ಕುಡಿದು ರಬ್ಬರ್ ಬಿರುಸಾಗುತ್ತದೆ, ಹೆಚ್ಚು ಪೀಸು ನಿರೀಕ್ಷಿಸಬೇಡಿ.

ಥರ್ಮೊಕೋಲಿನ ಮೇಲೆ ಪಾಲಿಯೆಸ್ಟರ್ ನೇರವಾಗಿ ಬಿದ್ದರೆ ಪ್ಯಾಟರ್ನ್ ಕರಗಿಹೋಗುತ್ತದೆ. ಮೊದಲು ಎಪಾಕ್ಸಿ ಪದರ ಕೊಟ್ಟು, ಪುಟ್ಟಿ ಎಳೆದು, ಪ್ರೈಮರ್ ಹಚ್ಚಿ. ಒರಟು ಕೆಲಸಕ್ಕೆ ಕಂದು ಪ್ಯಾಕಿಂಗ್ ಟೇಪನ್ನು ಸಂದಿಯಿಲ್ಲದಂತೆ ಸುತ್ತಿದರೂ ನಡೆಯುತ್ತದೆ, ಪಾಲಿಯೆಸ್ಟರ್ ಅದರಿಂದ ಸಲೀಸಾಗಿ ಬಿಡುತ್ತದೆ.

ಪ್ರಶ್ನೆ: ಕಾರ್ಬನ್ ಪ್ರಿಪ್ರೆಗ್ (ಮೊದಲೇ ಎಪಾಕ್ಸಿ ರೆಸಿನ್ ಹೀರಿಸಿಟ್ಟ ಕಾರ್ಬನ್ ನಾರಿನ ಬಟ್ಟೆ) ಪೀಸುಗಳನ್ನು ಅಲ್ಯೂಮಿನಿಯಂ ಅಚ್ಚಿನಲ್ಲಿ 120 ಡಿಗ್ರಿಗೆ ಕ್ಯೂರ್ ಮಾಡುತ್ತೇವೆ. ವ್ಯಾಕ್ಸ್ ಬಳಸಿದರೆ ಪೀಸಿನ ಮೇಲೆ ಮಬ್ಬು ಕಲೆ, ಅಲ್ಲಲ್ಲಿ ಕಚ್ಚಿಕೊಳ್ಳುವುದು. ಸೆಮಿ-ಪರ್ಮನೆಂಟ್ ಬಳಸಿ ಎನ್ನುತ್ತಾರೆ. ಅದನ್ನು ಬಳಸಿದರೂ ತಟ್ಟೆಯಾಕಾರದ ಒಂದು ಪೀಸು ಮಾತ್ರ ಬಿಡುವುದೇ ಇಲ್ಲ. — ಪೀಣ್ಯದ ಓದುಗರು

ಉತ್ತರ: ಕಾರ್ನೌಬಾ ವ್ಯಾಕ್ಸ್ 82ರಿಂದ 86 ಡಿಗ್ರಿಯಲ್ಲಿ ಕರಗುತ್ತದೆ. 120 ಡಿಗ್ರಿಯಲ್ಲಿ ಅದು ಎಣ್ಣೆ. ನಿರ್ವಾತದ ಒತ್ತಡಕ್ಕೆ ಪಕ್ಕಕ್ಕೆ ಸರಿದು ಕಡಿಮೆ ಇರುವಲ್ಲಿ ಎಪಾಕ್ಸಿ ಲೋಹವನ್ನು ಮುಟ್ಟುತ್ತದೆ. ಎಪಾಕ್ಸಿ ಮೂಲತಃ ಅಂಟು, ಒಮ್ಮೆ ಲೋಹ ಸಿಕ್ಕಿದರೆ ಬಿಡದು. ಬೆಚ್ಚಗಿನ ಓವನ್ನಿನ ಕೆಲಸಕ್ಕೆ ಸೆಮಿ-ಪರ್ಮನೆಂಟ್ ಎಂಬ ದ್ರವಗಳೇ ಸರಿ. ಅವು ಗಾಳಿಯ ತೇವದ ಜೊತೆ ಸೇರಿ ಅಚ್ಚಿನ ಮೈಗೇ ಬಂಧವಾಗಿ ಗಟ್ಟಿಯಾಗುತ್ತವೆ. ಪೀಸಿನ ಜೊತೆ ಎದ್ದು ಬರುವುದು ಬಹಳ ಕಡಿಮೆ.

ಆದರೆ ಹಳೆ ವ್ಯಾಕ್ಸಿನ ಮೇಲೆ ಹಚ್ಚಿದರೆ ಅವುಗಳಿಗೆ ಹಿಡಿಯಲು ಮೈಯೇ ಇರುವುದಿಲ್ಲ. ಮೊದಲು ಸ್ಕಾಚ್‌ಬ್ರೈಟ್ ಮತ್ತು ಕ್ಲೀನರಿನಿಂದ ವ್ಯಾಕ್ಸನ್ನು ಪೂರ್ತಿ ತೆಗೆದು ನೀರಿನ ಪರೀಕ್ಷೆ ಮಾಡಿ, ಚೆನ್ನಾಗಿ ಒಣಗಿಸಿ. ನಂತರ ಅದೇ ಕಂಪನಿಯ ಸೀಲರ್ ಎರಡು ಕೈ: ಅಲ್ಯೂಮಿನಿಯಮ್ಮಿನ ಸಣ್ಣ ಗುಳಿಗಳನ್ನು, ಟೂಲ್ ಗೆರೆಗಳನ್ನು ಅದು ತುಂಬುತ್ತದೆ. ಆಮೇಲೆ ರಿಲೀಸ್ ದ್ರವ ನಾಲ್ಕರಿಂದ ಆರು ಕೈ, ನಡುವೆ 15 ನಿಮಿಷ. ದಾರ ಬಿಡದ ಬಟ್ಟೆಯನ್ನು ತೊಟ್ಟಿಕ್ಕದಂತೆ ಅದ್ದಿ, ಒಂದು ದಿಕ್ಕಿನಲ್ಲಿ ಎಳೆದು, ಬಿಟ್ಟುಬಿಡಿ. ಆರುತ್ತಿರುವ ಜಾಗಕ್ಕೆ ಮತ್ತೆ ಬಟ್ಟೆ ಮುಟ್ಟಿಸಿದರೆ ಗೆರೆ ನಿಲ್ಲುತ್ತದೆ. ಮುಂದಿನ ಕೈ ಅಡ್ಡ ದಿಕ್ಕಿಗೆ. ಕೊನೆಯ ಕೈ ಆದ ಮೇಲೆ ಕೋಣೆಯ ಬಿಸಿಯಲ್ಲಿ ಒಂದು ಗಂಟೆ, ಅಥವಾ 100 ಡಿಗ್ರಿಗೆ ಅರ್ಧ ಗಂಟೆ ಬಿಡಿ. ಡಬ್ಬಿಯ ಮೇಲೆ ಬೇರೆ ಸಮಯ ಬರೆದಿದ್ದರೆ ಅದನ್ನೇ ಪಾಲಿಸಿ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವಕ್ಕೆ ಒಳಗೇ ಗಟ್ಟಿಯಾಗುತ್ತದೆ. ದಿನಕ್ಕೆ ಬೇಕಾದಷ್ಟನ್ನು ಬೇರೆ ಪಾತ್ರೆಗೆ ಸುರಿದುಕೊಳ್ಳಿ, ಉಳಿದದ್ದನ್ನು ಮರಳಿ ಸುರಿಯಬೇಡಿ.

ಹದ ನೋಡಲು ಒಂದು ಇಂಚಿನ ಮಾಸ್ಕಿಂಗ್ ಟೇಪನ್ನು ಹತ್ತಾರು ಕಡೆ ಒತ್ತಿ ಎಳೆಯಿರಿ. ಎಲ್ಲ ಕಡೆ ಒಂದೇ ಸಮ ಹಗುರವಾಗಿ ಬರಬೇಕು. ಎಲ್ಲಿ ಟೇಪು ಹಿಡಿಯುತ್ತದೋ ಅಲ್ಲಿ ಇನ್ನೆರಡು ಕೈ. ಮೂಲೆಗಳನ್ನು ಮರೆಯಬೇಡಿ, ಬಟ್ಟೆ ಹೋಗುವುದು ಕಡಿಮೆ ಅಲ್ಲಿಯೇ.

ತಟ್ಟೆಯಾಕಾರದ ಪೀಸಿನ ವಿಷಯ ಬೇರೆ. ಅದು ಹೆಣ್ಣಚ್ಚಿನ (ತಗ್ಗಿನ ಅಚ್ಚಿನ) ಒಳಗೆ ಕೂರುತ್ತಿರಬೇಕು. ಅಲ್ಯೂಮಿನಿಯಂ ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 23 ಭಾಗ ಹಿಗ್ಗುತ್ತದೆ. ಕಾರ್ಬನ್ ಲ್ಯಾಮಿನೇಟ್ ನಾರಿನ ದಿಕ್ಕಿನಲ್ಲಿ ಹಿಗ್ಗುವುದೇ ಇಲ್ಲ ಎನ್ನಬಹುದು. 120ರಿಂದ 30 ಡಿಗ್ರಿಗೆ ಇಳಿಯುವಾಗ ಒಂದು ಮೀಟರ್ ಅಚ್ಚು ಸುಮಾರು 2 ಮಿ.ಮೀ. ಕುಗ್ಗಿ ಪೀಸನ್ನು ಸುತ್ತಲಿಂದ ಬಿಗಿಹಿಡಿಯುತ್ತದೆ. ಇದು ಅಂಟಲ್ಲ, ಇಕ್ಕಳ. ರಿಲೀಸ್ ಎಷ್ಟು ಹಚ್ಚಿದರೂ ಹೋಗದು. ಅಚ್ಚು ಇನ್ನೂ 70–80 ಡಿಗ್ರಿ ಇರುವಾಗ ಬಿಸಿ ತಡೆಯುವ ಕೈಗವಸು ಹಾಕಿಕೊಂಡು ಬಿಡಿಸಿ, ಗೋಡೆಯ ಓರೆಯನ್ನು 3 ಡಿಗ್ರಿಗೆ ಏರಿಸಿ, ಅಥವಾ ಆ ಪೀಸಿಗೆ ಗಂಡಚ್ಚು (ಪೀಸು ಮೇಲೆ ಕೂರುವ ಉಬ್ಬಿನ ಅಚ್ಚು) ಮಾಡಿ: ಅದು ಕುಗ್ಗಿದಷ್ಟೂ ಪೀಸಿನಿಂದ ದೂರ ಸರಿಯುತ್ತದೆ. ವಿಮಾನದ ದೊಡ್ಡ ಭಾಗಗಳಿಗೆ ಬಿಸಿಗೆ ಬಹಳ ಕಡಿಮೆ ಹಿಗ್ಗುವ ಇನ್ವಾರ್ ಮಿಶ್ರಲೋಹದ ಅಥವಾ ಕಾರ್ಬನ್ನಿನದೇ ಅಚ್ಚು ಮಾಡುವುದಕ್ಕೆ ಈ ಹಿಗ್ಗು-ಕುಗ್ಗಿನ ವ್ಯತ್ಯಾಸ ಮುಖ್ಯ ಕಾರಣ. ಪೀಸನ್ನು ಮುಂದೆ ಅಂಟಿನಿಂದ ಜೋಡಿಸುವುದಿದ್ದರೆ ಅಂಟುವ ಮೈಗೆ ಪೀಲ್ ಪ್ಲೈ (ಆಮೇಲೆ ಸುಲಿದು ತೆಗೆಯುವ ಬಟ್ಟೆ) ಹಾಕಿಬಿಡಿ. ಸಿಲಿಕೋನ್ ಸ್ಪ್ರೇ ಡಬ್ಬಿಯನ್ನಂತೂ ಲೇಅಪ್ (ಪದರ ಹಾಸುವ) ಕೋಣೆಯೊಳಕ್ಕೆ ತರಲೇಬೇಡಿ.

ಪ್ರಶ್ನೆ: ಮೂವತ್ತು ನಲವತ್ತು ಪೀಸು ತೆಗೆದ ಮೇಲೆ ಅಚ್ಚಿನ ಹೊಳಪು ಹೋಗಿ ಹಳದಿ ಮಿಶ್ರಿತ ಮಬ್ಬು ಕೂತಿದೆ. ವ್ಯಾಕ್ಸ್ ಹಚ್ಚಿ ತಿಕ್ಕಿದರೆ ಸ್ವಲ್ಪ ಹೊತ್ತು ಹೊಳೆಯುತ್ತದೆ, ಮುಂದಿನ ಪೀಸಿನಲ್ಲಿ ಮತ್ತೆ ಅದೇ. — ಹುಬ್ಬಳ್ಳಿಯ ಓದುಗರು

ಉತ್ತರ: ಇನ್ನು ವ್ಯಾಕ್ಸ್ ಹಚ್ಚಬೇಡಿ, ಮೊದಲು ಆ ಮಬ್ಬು ಏನೆಂದು ಗುರುತಿಸಿ. ಬೆಚ್ಚಗಿನ ಸಾಬೂನು ನೀರಿಗೆ ಹೋದರೆ ಅದು ಪಿವಿಎಯ ಉಳಿಕೆ. ನೀರಿಗೆ ಹೋಗದೆ ಟರ್ಪೆಂಟೈನಿಗೆ ಹೋದರೆ ವ್ಯಾಕ್ಸಿನ ಗಸಿ. ಎರಡಕ್ಕೂ ಜಗ್ಗದೆ, ಉಗುರಿನಿಂದ ಕೆರೆದರೆ ಪುಡಿಯಾಗಿ ಬಂದರೆ ಅದು ಪಾಲಿಸ್ಟೈರೀನ್: ಪೀಸುಗಳು ಬಿಟ್ಟುಹೋದ ಸ್ಟೈರೀನ್ ಅಚ್ಚಿನ ಮೇಲೆ ಪದರ ಪದರವಾಗಿ ಗಟ್ಟಿಯಾದದ್ದು. ನಿಮ್ಮದು ಬಹುಶಃ ಇದೇ. ಪೀಸನ್ನು ಪೂರ್ತಿ ಕ್ಯೂರ್ ಆಗುವ ಮೊದಲೇ ಎಬ್ಬಿಸುವ ಕಡೆ ಇದು ಬೇಗ ಬೆಳೆಯುತ್ತದೆ. ಹೊಸ ಪೀಸಿನ ಸ್ಟೈರೀನ್ ಈ ಪದರವನ್ನು ಮೆತ್ತಗಾಗಿಸಿ ಅದಕ್ಕೇ ಅಂಟಿಕೊಳ್ಳುತ್ತದೆ. ಮೇಲಿನ ವ್ಯಾಕ್ಸ್ ಹೊಳೆದು ಮೋಸ ಮಾಡುತ್ತಿರುತ್ತದೆ, ಅಷ್ಟೇ.

ಅಚ್ಚು ಕ್ಲೀನರನ್ನು ಬಟ್ಟೆಗೆ ಹಾಕಿ, ಎರಡು ಅಡಿ ಚದರದಷ್ಟು ಜಾಗದಲ್ಲಿ ಎರಡು ಮೂರು ನಿಮಿಷ ಒದ್ದೆಯಾಗಿಯೇ ಇಡಿ. ಆರುವ ಮೊದಲು ಶುದ್ಧ ಬಟ್ಟೆಯಿಂದ ಎತ್ತಿ. ಕ್ಲೀನರ್ ಸಿಗದಿದ್ದರೆ ಸ್ಟೈರೀನೇ ಪಾಲಿಸ್ಟೈರೀನನ್ನು ಕರಗಿಸುತ್ತದೆ. ಕಿಟಕಿ ತೆರೆದು, ಸ್ಟೈರೀನ್ ತಡೆಯುವ ಕೈಗವಸು ಮತ್ತು ಆವಿ ತಡೆಯುವ ಮಾಸ್ಕ್ ಹಾಕಿಕೊಳ್ಳಿ, ಬೆಂಕಿ ಬೀಡಿ ಹತ್ತಿರ ಬೇಡ. ಉಳಿದ ಕಲೆಗೆ ಪಾಲಿಶಿಂಗ್ ಕಾಂಪೌಂಡ್. ಮೈ ಬರಿದಾದ ಮೇಲೆ ಅಚ್ಚನ್ನು ಅರ್ಧ ಹೊಸದೆಂದೇ ತಿಳಿದು ನಾಲ್ಕು ಕೈ ವ್ಯಾಕ್ಸ್ ಕೊಡಿ. ಒಂದು ಪುಸ್ತಕದಲ್ಲಿ ಅಚ್ಚಿನ ಹೆಸರು, ಪೀಸಿನ ಸಂಖ್ಯೆ, ವ್ಯಾಕ್ಸ್ ಹಚ್ಚಿದ ದಿನ ಬರೆದಿಟ್ಟರೆ ಎಷ್ಟು ಪೀಸಿಗೊಮ್ಮೆ ತೊಳೆಯಬೇಕೆಂದು ನಿಮ್ಮ ಅಚ್ಚೇ ಹೇಳುತ್ತದೆ.

ಪ್ರಶ್ನೆ: ನಮ್ಮ ತೊಂದರೆ ತಿರುಗಾಮುರುಗಾ. ಮ್ಯಾಟ್ ಹಾಕುವ ಮೊದಲೇ ಜೆಲ್‌ಕೋಟ್ ಅಚ್ಚಿನಿಂದ ತಾನಾಗಿ ಎದ್ದುಬಿಡುತ್ತದೆ, ಹೆಚ್ಚಾಗಿ ಮೂಲೆಗಳಲ್ಲಿ. — ಕಲಬುರಗಿಯ ಓದುಗರು

ಉತ್ತರ: ಪಾಲಿಯೆಸ್ಟರ್ ರೆಸಿನ್ ಕ್ಯೂರ್ ಆಗುವಾಗ ಗಾತ್ರದಲ್ಲಿ ಶೇ. 6ರಿಂದ 8ರಷ್ಟು ಕುಗ್ಗುತ್ತದೆ. ಜೆಲ್‌ಕೋಟ್ ಒಂಟಿಯಾಗಿ ಹೆಚ್ಚು ಹೊತ್ತು ಕುಳಿತರೆ ಈ ಕುಗ್ಗುವಿಕೆ ಅದನ್ನು ಅಚ್ಚಿನಿಂದ ಎಳೆಯುತ್ತದೆ. ದಪ್ಪ ಹೆಚ್ಚಿದ್ದಲ್ಲಿ ಎಳೆತ ಹೆಚ್ಚು. ಮೂಲೆಯಲ್ಲಿ ಜೆಲ್‌ಕೋಟ್ ಕೂಡಿಕೊಂಡು ದಪ್ಪವಾಗುವುದರಿಂದ ಮೊದಲು ಏಳುವುದೂ ಅಲ್ಲೇ. ಒದ್ದೆ ದಪ್ಪ 0.4ರಿಂದ 0.5 ಮಿ.ಮೀ. ಇರಬೇಕು, ಹಲ್ಲುಗಳ ಗೇಜು ಒತ್ತಿ ನೋಡಿ. ತೂಕದಲ್ಲಿ ಹೇಳುವುದಾದರೆ 0.5 ಮಿ.ಮೀ.ಗೆ ಚದರ ಮೀಟರಿಗೆ 600 ಗ್ರಾಂ.

ನಿಮ್ಮೂರಿನ ಬೇಸಿಗೆಯಲ್ಲಿ ತಗಡಿನ ಶೆಡ್ಡಿನೊಳಗೆ ಮಧ್ಯಾಹ್ನ ಜೆಲ್‌ಕೋಟ್ ಹೊಡೆಯಬಾರದು. ಬೆಳಗಿನ ತಂಪಿನಲ್ಲಿ ಹೊಡೆಯಿರಿ, ಎಂಇಕೆಪಿ (ರೆಸಿನ್ ಗಟ್ಟಿಯಾಗಿಸಲು ಬೆರೆಸುವ ದ್ರವ) ಶೇ. 1.2ರಿಂದ 1.5 ಇರಲಿ. ತಡವಾಗಲೆಂದು ಶೇ. 1ಕ್ಕಿಂತ ಕೆಳಗೆ ಇಳಿಸಿದರೆ ಕ್ಯೂರ್ ಅರ್ಧಕ್ಕೆ ನಿಲ್ಲುತ್ತದೆ, 2 ದಾಟಿದರೆ ಕುಗ್ಗುವ ವೇಗ ಏರುತ್ತದೆ. ಎಂಇಕೆಪಿಯನ್ನು ಅದರ ಕೆಲಸ ಚುರುಕಾಗಿಸುವ ಕೋಬಾಲ್ಟಿನ ಜೊತೆ ನೇರವಾಗಿ ಎಂದೂ ಬೆರೆಸಬಾರದು, ಸಿಡಿಯುತ್ತದೆ. ಒಂದನ್ನು ರೆಸಿನ್ನಿನಲ್ಲಿ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಬೆರಳು ಮುಟ್ಟಿಸಿದರೆ ಅಂಟಂಟಾಗಿದ್ದೂ ಬೆರಳಿಗೆ ಬಣ್ಣ ಹತ್ತದ ಹೊತ್ತಿಗೆ ಚದರ ಮೀಟರಿಗೆ 300 ಅಥವಾ 450 ಗ್ರಾಂ ತೂಗುವ ಮ್ಯಾಟಿನ ಒಂದೇ ಪದರ ಹಾಕಿಬಿಡಿ. ಜೆಲ್‌ಕೋಟ್ ಹೊಡೆದು ಊಟಕ್ಕೆ, ಅಲ್ಲಿಂದ ಪೇಟೆಗೆ ಹೋಗುವ ರೂಢಿ ಬೇಡ. ಅಚ್ಚಿಗೆ ವ್ಯಾಕ್ಸ್ ಅತಿಯಾಗಿದ್ದರೂ ಹೀಗಾಗುತ್ತದೆ: ಮಾಸ್ಕಿಂಗ್ ಟೇಪು ಒಂದಿಷ್ಟೂ ಹಿಡಿಯದೆ ತಾನೇ ಬೀಳುವಂತಿದ್ದರೆ ಒಣಬಟ್ಟೆಯಿಂದ ಚೆನ್ನಾಗಿ ತಿಕ್ಕಿ ಕಡಿಮೆ ಮಾಡಿ.

ಪ್ರಶ್ನೆ: ನೆಲದ ಪಾಲಿಶ್, ಕಾರ್ ಪಾಲಿಶ್, ಗ್ರೀಸು, ಅಡುಗೆ ಎಣ್ಣೆ — ಇವುಗಳಲ್ಲಿ ಯಾವುದು ನಡೆಯುತ್ತದೆ? — ದಾವಣಗೆರೆಯ ಓದುಗರು

ಉತ್ತರ: ಎಣ್ಣೆ, ಗ್ರೀಸು ಎರಡೂ ಬೇಡ, ಅವು ಪದರವಾಗಿ ನಿಲ್ಲದೆ ರೆಸಿನ್ನಿನೊಳಕ್ಕೆ ಸೇರಿ ಮೈಯನ್ನು ಮೆತ್ತಗೆ ಉಳಿಸುತ್ತವೆ. ಕಾರ್ ಪಾಲಿಶ್‌ಗಳಲ್ಲಿ ಸಾಮಾನ್ಯವಾಗಿ ಸಿಲಿಕೋನ್ ಇರುತ್ತದೆ, ಜೆಲ್‌ಕೋಟಿನಲ್ಲಿ ಮೀನಿನ ಕಣ್ಣಿನಂಥ ಗುಳಿಗಳು ಬೀಳುತ್ತವೆ, ಒಮ್ಮೆ ಅಚ್ಚಿಗೆ ಹತ್ತಿದರೆ ತೆಗೆಯುವುದು ಬಹಳ ಕಷ್ಟ. ನೆಲದ ಪೇಸ್ಟ್ ಪಾಲಿಶ್ ಮೇಣದ್ದೇ ಆದರೆ ತಣ್ಣನೆಯ, ಒರಟು ಕೆಲಸಕ್ಕೆ ನಡೆಯುತ್ತದೆ. ಮೆತ್ತಗಿರುವುದರಿಂದ ಪ್ರತಿ ಪೀಸಿಗೂ ಹಚ್ಚಬೇಕು. ಬರೀ ಚಪ್ಪಟೆ ಶೀಟು ಮಾಡುವವರು ಟಫನ್ಡ್ ಗಾಜಿನ ಮೇಲೆ ಮಾಡಲಿ, ಅಥವಾ ಪಾಲಿಯೆಸ್ಟರ್ ಫಿಲ್ಮ್ ಹಾಸಿಕೊಳ್ಳಲಿ. ಫಿಲ್ಮಿಗೆ ವ್ಯಾಕ್ಸೂ ಬೇಡ.

ಪ್ರಶ್ನೆ: ಬಸ್ಸಿನ ಫೈಬರ್ ಭಾಗಗಳಿಗೆ ಬಣ್ಣ ಹೊಡೆದರೆ ಸಿಪ್ಪೆಯಂತೆ ಏಳುತ್ತದೆ. 320ರ ಪೇಪರಿನಿಂದ ಉಜ್ಜಿಯೇ ಹೊಡೆಯುತ್ತೇವೆ. — ತುಮಕೂರಿನ ಓದುಗರು

ಉತ್ತರ: ಉಜ್ಜುವುದು ಸರಿ, ಉಜ್ಜುವ ಹೊತ್ತು ತಪ್ಪಿದೆ. ಪೀಸಿನ ಮೈಗೆ ಹತ್ತಿ ಬಂದ ವ್ಯಾಕ್ಸನ್ನು ತೆಗೆಯದೆ ಉಜ್ಜಿದರೆ ಪೇಪರು ಅದನ್ನು ತಾನೇ ಮಾಡಿದ ಗೀರುಗಳೊಳಕ್ಕೆ ತುರುಕುತ್ತದೆ. ಪಿವಿಎ ಬಳಸಿದ್ದರೆ ಮೊದಲು ನೀರು, ನಂತರ ವ್ಯಾಕ್ಸ್ ತೆಗೆಯುವ ದ್ರಾವಕದಿಂದ ಎರಡು ಬಟ್ಟೆಯ ಪದ್ಧತಿಯಲ್ಲಿ ಎರಡು ಸಲ, ಆಮೇಲೆ 320, ಮತ್ತೆ ಒಮ್ಮೆ ದ್ರಾವಕ, ಆಮೇಲೆ ಪ್ರೈಮರ್. ನೀರು ಹಾಳೆಯಂತೆ ನಿಲ್ಲದಿದ್ದರೆ ಪ್ರೈಮರ್ ಡಬ್ಬಿ ತೆರೆಯಬೇಡಿ.

ಪ್ರಶ್ನೆ: ಪೀಸು ಈಗಾಗಲೇ ಕಚ್ಚಿಕೊಂಡು ಕೂತಿದೆ. ಅಚ್ಚು ಉಳಿಸಿಕೊಳ್ಳುವುದು ಹೇಗೆ? — ಬೆಳಗಾವಿಯ ಓದುಗರು

ಉತ್ತರ: ಕಬ್ಬಿಣದ ಉಳಿ, ಸ್ಕ್ರೂಡ್ರೈವರ್ ಎತ್ತಿಡಿ. ಇನ್ನೊಂದು ರಾತ್ರಿ ಬಿಡಿ. ಪೀಸು ಇನ್ನಷ್ಟು ಕ್ಯೂರ್ ಆಗಿ ಕುಗ್ಗಿದರೆ ಹೆಣ್ಣಚ್ಚಿನಿಂದ ತಾನೇ ಸರಿಯಬಹುದು. ಬೆಳಿಗ್ಗೆ ಅಂಚಿನ ಸುತ್ತಲೂ ಹೆಚ್ಚುವರಿ ಫೈಬರನ್ನು ಕತ್ತರಿಸಿ. ಎಷ್ಟೋ ಸಲ ಪೀಸನ್ನು ಹಿಡಿದಿರುವುದು ಅಚ್ಚಿನ ಅಂಚು ದಾಟಿ ಹರಿದ ರೆಸಿನ್ ಮಾತ್ರ. ತೆಳ್ಳನೆಯ ಪ್ಲಾಸ್ಟಿಕ್ ಬೆಣೆಗಳನ್ನು ಒಂದೊಂದು ಅಡಿಗೆ ಒಂದರಂತೆ ಸುತ್ತಲೂ ಸಿಕ್ಕಿಸಿ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವೇ ಬಡಿಯುತ್ತ ಬನ್ನಿ. ಒಂದೇ ಕಡೆ ಒತ್ತಿದರೆ ಬಿರುಕು ಗ್ಯಾರಂಟಿ. ಸಂದಿ ಕಂಡಲ್ಲಿ 2ರಿಂದ 3 ಬಾರ್ ಗಾಳಿ ಬಿಡಿ. ಪಿವಿಎ ಹೊಡೆದಿದ್ದರೆ ಗಾಳಿಗಿಂತ ಬೆಚ್ಚಗಿನ ನೀರು ಮೇಲು: ಸಂದಿಗೆ ನೀರು ಸುರಿದು ಅರ್ಧ ಗಂಟೆ ಬಿಟ್ಟರೆ ಪದರ ಕರಗುತ್ತ ನೀರು ಒಳಕ್ಕೆ ಇಳಿಯುತ್ತದೆ. ಪೀಸಿನ ಒಳಗೆ ಮಂಜುಗಡ್ಡೆ ತುಂಬಿದರೆ ಪೀಸು ಅಚ್ಚಿಗಿಂತ ಮೊದಲು ಕುಗ್ಗುತ್ತದೆ. ರಬ್ಬರ್ ಸುತ್ತಿಗೆಯಿಂದ ಅಚ್ಚಿನ ಹಿಂಬದಿಗೆ ತಟ್ಟುತ್ತ ಕೇಳಿ: ಬಿಟ್ಟಿರುವ ಜಾಗ ಟೊಳ್ಳಾಗಿ ಸದ್ದು ಮಾಡುತ್ತದೆ, ಕಚ್ಚಿರುವ ಜಾಗ ಗಟ್ಟಿಯಾಗಿ. ಗಟ್ಟಿ ಸದ್ದಿನ ಜಾಗಕ್ಕೆ ಚಾಕ್‌ನಿಂದ ಗುರುತು ಹಾಕಿ.

ಇಷ್ಟಾದರೂ ಬಾರದಿದ್ದರೆ ಪೀಸನ್ನು ಬಲಿಕೊಡಬೇಕು, ಅಚ್ಚನ್ನಲ್ಲ. ಬ್ಲೇಡಿನ ಆಳವನ್ನು ಪೀಸಿನ ದಪ್ಪಕ್ಕಿಂತ 1 ಮಿ.ಮೀ. ಕಡಿಮೆ ಇಟ್ಟು ಕಟ್ಟರಿನಿಂದ ಪಟ್ಟಿಗಳಾಗಿ ಕೊಯ್ದು, ಬಿಟ್ಟಿರುವ ಕಡೆಯಿಂದ ಕಚ್ಚಿದ ಕಡೆಗೆ ಒಂದೊಂದೇ ಪಟ್ಟಿ ಎಳೆಯಿರಿ. ಚಾಕ್ ಗುರುತಿನ ಜಾಗದಲ್ಲಿ ಅಚ್ಚಿನ ಜೆಲ್‌ಕೋಟ್ ಎದ್ದಿದ್ದರೆ ಸುತ್ತಲಿನ ಸಡಿಲ ಅಂಚನ್ನು 80ರ ಪೇಪರಿನಿಂದ ಇಳಿಜಾರಾಗಿ ತೆಗೆದು, ಟೂಲಿಂಗ್ ಜೆಲ್‌ಕೋಟ್ ತುಂಬಿ, ಗಾಳಿ ತಾಗದಂತೆ ಮೇಲೆ ಫಿಲ್ಮ್ ಒತ್ತಿ, ನಾಲ್ಕೈದು ದಿನ ಬಿಟ್ಟು 600ರಿಂದ ಮತ್ತೆ ತೀಡಿ. ಆ ತೇಪೆಯ ಜಾಗಕ್ಕೆ ಆರು ಕೈ ವ್ಯಾಕ್ಸ್, ಮುಂದಿನ ಮೂರು ಪೀಸಿಗೆ ಪಿವಿಎ ತಪ್ಪಿಸಬೇಡಿ.